ಬಲಗಡೆಯ ಪೆಟ್ಟಿಗೆ

ಪರಪ್ಪನ ಸ್ಟೀರಿಯೊಗೆ ಎರಡು ಪೆಟ್ಟಿಗೆಗಳು. ಎಡಗಡೆಯದು ಅವನ ಪಡಸಾಲೆಯಲ್ಲಿತ್ತು. ಬಲಗಡೆಯದು ಒಂಬತ್ತು ವರ್ಷ ಪಕ್ಕದ ಮನೆಯ ಅಡುಗೆಮನೆಯಲ್ಲಿತ್ತು. ಹೀಗೇಕೆಂದು ಕೇಳಿದವರಿಗೆ ಅವನು, "ನಮ್ಮ ಮನಿ ಸಣ್ಣದೈತ್ರಿ, ಎರಡು ಹಿಡಿಯಂಗಿಲ್ಲ" ಎನ್ನುತ್ತಿದ್ದ. ಆ ಮಾತು ಸುಳ್ಳೇನಲ್ಲ. ಪೂರ್ತಿ ನಿಜವೂ ಅಲ್ಲ.

ಪರಪ್ಪ ಬಸವನ ಬಾಗೇವಾಡಿಯ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್. ಗಾಜಿನ ಕಿಂಡಿಯ ಹಿಂದೆ ಕುಳಿತು ಬಂದ ಬಸ್ಸಿನ, ಹೋದ ಬಸ್ಸಿನ ವೇಳೆ ಬರೆದುಕೊಳ್ಳುವುದು ಮತ್ತು ಮೈಕಿನಲ್ಲಿ ಅದನ್ನು ಜನರಿಗೆ ತಿಳಿಸುವುದು ಅವನ ಕೆಲಸ. ಮುದ್ದೇಬಿಹಾಳ, ನಿಡಗುಂದಿ, ಸಿಂದಗಿ, ಇಂಡಿ. ದಿನಕ್ಕೆ ಎಂಟು ತಾಸು ಈ ಹೆಸರುಗಳು ಅವನ ಬಾಯಿಂದ ಹೊರಟು ಕಂಬದ ಮೇಲಿನ ಭೋಂಗಾದಿಂದ ಇಡೀ ನಿಲ್ದಾಣದ ಮೇಲೆ ಸುರಿಯುತ್ತಿದ್ದವು. ಊರಿನಲ್ಲಿ ಅವನ ಮುಖ ಗೊತ್ತಿಲ್ಲದವರಿಗೂ ದನಿ ಗೊತ್ತು. ಔಷಧಿ ಅಂಗಡಿಯಲ್ಲಿ ತಲೆನೋವಿನ ಗುಳಿಗೆ ಕೇಳಿದರೆ ಪಕ್ಕದಲ್ಲಿ ನಿಂತವರು ಥಟ್ಟನೆ ತಿರುಗಿ, "ಇಂಡಿ ಬಸ್ಸು ಎಷ್ಟಕ್ಕೈತ್ರಿ?" ಎಂದು ಕೇಳುವರು. ಅವನು ಹೇಳುವನು. ಮಾತು ಅಲ್ಲಿಗೇ ಮುಗಿಯುವುದು.

ಮನೆಯಲ್ಲಿ ಅಷ್ಟೂ ಇರಲಿಲ್ಲ. ಹೆಂಡತಿ ರುಕ್ಮವ್ವ ಅವನ ನಲವತ್ತೈದನೆಯ ವಯಸ್ಸಿಗೆ ತೀರಿಕೊಂಡಿದ್ದಳು, ಮಕ್ಕಳಾಗಿರಲಿಲ್ಲ. ಅವನಿದ್ದದ್ದು ಬಾಡಿಗೆಯ ಮನೆ. ಹಿಂದೊಮ್ಮೆ ಅದೊಂದೇ ದೊಡ್ಡ ಮನೆಯಾಗಿತ್ತಂತೆ. ಮಾಲೀಕರ ಅಜ್ಜಂದಿರು ಪಾಲಾದಾಗ ನಡುವೆ ಒಂದು ತೆಳುಗೋಡೆ ಎಬ್ಬಿಸಿ ಎರಡು ಮಾಡಿದ್ದರು. ಆ ಗೋಡೆಯ ಈಚೆ ಪರಪ್ಪನ ಪಡಸಾಲೆ, ಆಚೆ ಶೆಟ್ಟೆವ್ವನ ಅಡುಗೆಮನೆ.

ಶೆಟ್ಟೆವ್ವ ಅವನಿಗಿಂತ ಎರಡು ಮೂರು ವರ್ಷಕ್ಕೆ ಸಣ್ಣವಳು. ಅವಳ ಗಂಡ ಹೋಗಿ ಬಹಳ ಕಾಲವಾಗಿತ್ತು. ಬಸ್ ನಿಲ್ದಾಣದ ಎದುರಿನ ಖಾನಾವಳಿಗೆ ದಿನಾ ಜೋಳದ ರೊಟ್ಟಿ ಬಡಿದುಕೊಟ್ಟು ಬದುಕುತ್ತಿದ್ದಳು. ಓಣಿಯ ಬಾಯಲ್ಲಿ ಅವಳು ರೊಟ್ಟಿ ಶೆಟ್ಟೆವ್ವ. ರುಕ್ಮವ್ವ ಹೋದ ಮೇಲೆ ಪರಪ್ಪನ ಮನೆಯಲ್ಲಿ ಕೇಳುತ್ತಿದ್ದ ಸದ್ದೆಂದರೆ ಒಂದೇ: ಸಂಜೆ ಐದರ ಹೊತ್ತಿಗೆ ಗೋಡೆಯಾಚೆ ಶುರುವಾಗುವ ರೊಟ್ಟಿಯ ಬಡಿತ. ಅದು ನಿಂತ ಮೇಲೆ ಅವನು ದೀಪ ಹಚ್ಚಿ, ಉಳಿದ ಅನ್ನವಿದ್ದರೆ ಬಿಸಿ ಮಾಡಿ ಉಂಡು, ಮರುದಿನದ ಪಾಳಿಯ ನೆನಪು ಮಾಡಿಕೊಳ್ಳುತ್ತಿದ್ದ.

ಎರಡು ವರ್ಷ ಹೀಗೆ ಕಳೆದ ಮೇಲೆ, ಕೆಲಸದ ಮೇಲೆ ವಿಜಯಪುರಕ್ಕೆ ಹೋದವನು ಅಂಗಡಿಯೊಂದರ ಗಾಜಿನಾಚೆ ಆ ಸ್ಟೀರಿಯೊ ಕಂಡ. ನಡುವೆ ಪುಟ್ಟ ಯಂತ್ರ, ಅದರಲ್ಲಿ ಸೀಡಿಗೊಂದು ಬಾಯಿ, ಪೆನ್‌ಡ್ರೈವ್‌ಗೊಂದು ಕಿಂಡಿ, ರೇಡಿಯೊ; ಎಡಬಲಕ್ಕೆ ಒಂದೊಂದು ಪೆಟ್ಟಿಗೆ. ಅಂಗಡಿಯವನು ಹಾಡು ಹಚ್ಚಿದ. ಇಷ್ಟು ಮೆಲ್ಲಗಿನ ದನಿ ಇಷ್ಟು ಸ್ಪಷ್ಟವಾಗಿ ಕೇಳಬಹುದೆಂದು ಪರಪ್ಪನಿಗೆ ಗೊತ್ತಿರಲಿಲ್ಲ. ವರ್ಷಗಟ್ಟಲೆ ಭೋಂಗಾದೊಳಗೆ ಕೂಗಿದ್ದವನು, ಯಂತ್ರದಿಂದ ಬರುವ ದನಿಯೆಂದರೆ ಒಡಕು, ಕರಕರ ಎಂದೇ ತಿಳಿದಿದ್ದ. ಅವತ್ತೇ ಕೊಂಡು, ಮುದ್ದೇಬಿಹಾಳದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ.

ಜೊತೆಗಿದ್ದ ಪುಸ್ತಿಕೆಯನ್ನು ಅವನು ಎರಡು ಸಲ ಓದಿದ. ಅದರಲ್ಲೊಂದು ಚಿತ್ರವಿತ್ತು. ಎರಡು ಪೆಟ್ಟಿಗೆಗಳು ಒಂದಕ್ಕೊಂದು ಆರು ಅಡಿ ದೂರದಲ್ಲಿ, ಕುಳಿತವನ ಕಿವಿಯ ಎತ್ತರಕ್ಕೆ. ಎದುರಿಗೆ ಅಷ್ಟೇ ದೂರದಲ್ಲಿ ಒಂದು ಕುರ್ಚಿ. ಮೂರನ್ನೂ ಸೇರಿಸುವ ಚುಕ್ಕೆಗೆರೆಗಳು. ಕುರ್ಚಿಯಲ್ಲಿ ಒಬ್ಬನೇ ಮನುಷ್ಯ ಕುಳಿತಿದ್ದ. ಎರಡನೆಯ ಕುರ್ಚಿಗೆ ಆ ಲೆಕ್ಕದಲ್ಲಿ ಜಾಗವಿರಲಿಲ್ಲ.

ಪರಪ್ಪನ ಪಡಸಾಲೆಯೋ ಉದ್ದಕ್ಕೆ ಬೆಳೆದ, ಅಗಲವಿಲ್ಲದ ಕೋಣೆ. ಒಂದು ಕಡೆ ಬೀದಿಯ ಬಾಗಿಲು, ಇನ್ನೊಂದು ಕಡೆ ಜೋಳದ ಡಬ್ಬಿ ಮತ್ತು ರುಕ್ಮವ್ವನ ಹೊಲಿಗೆ ಯಂತ್ರ. ಎಷ್ಟು ಗೇಣು ಹಾಕಿ ಅಳೆದರೂ ಚಿತ್ರದಲ್ಲಿದ್ದಂತೆ ಕೂಡಲಿಲ್ಲ. ಕೊನೆಗೆ ಎಡಗಡೆಯ ಪೆಟ್ಟಿಗೆಯನ್ನು ಹಲಗೆಯ ಮೇಲಿಟ್ಟ. ಬಲಗಡೆಯದನ್ನು ನಡುಗೋಡೆಯ ಗೂಡಿನಲ್ಲಿ, ಹಿಂದೆ ದೀಪ ಇಡುತ್ತಿದ್ದ ಜಾಗದಲ್ಲಿ, ತುರುಕಿದ.

ಮರುದಿನ ನಳಕ್ಕೆ ನೀರು ಬಂದಿತ್ತು. ಕೊಡ ಹಚ್ಚಿ ನಿಂತಿದ್ದ ಶೆಟ್ಟೆವ್ವ ಅವನನ್ನು ಕಂಡು ಕೇಳಿದಳು:

"ನಿನ್ನಿ ಸಂಜೀಕ ನಿಮ್ಮ ಮನಿಗೆ ಯಾರ ಬಂದಿದ್ರು, ಸಾಹೇಬ್ರ?"

"ಯಾರೂ ಇಲ್ರಿ. ಹಾಡಿನ ಮಶಿನ್ ತಂದೇನಿ."

"ಹಾಡು? ನನ್ನ ಕಡೆ ಹಾಡ ಎಲ್ಲಿ ಬಂತ್ರಿ, ಬರೇ ಧಬ್ ಧಬ್! ಸಾಹೇಬ್ರು ಯಾರನ್ನೋ ಕರೆಸಿ ಖಾರಾ ಕುಟ್ಟಸಾಕತ್ತಾರ ಅಂದ್ಕೊಂಡೆ."

ನಳದ ಸುತ್ತ ನಿಂತ ಹೆಂಗಸರು ನಕ್ಕರು. ಪರಪ್ಪನ ಕಿವಿ ಬಿಸಿಯಾಯಿತು. "ಸಣ್ಣ ಮಾಡ್ತೇನ್ರಿ" ಎಂದ.

"ಸಣ್ಣ ಯಾಕ ಮಾಡ್ತೀರಿ? ಕೇಳಸೂದಿದ್ರ ಪೂರಾ ಕೇಳಸ್ರಿ. ಏನ ಹಾಡೋ ಏನೋ ಅಂತ ಗ್ವಾಡಿಗೆ ಕಿವಿ ಹಚ್ಚಿ ನಾ ಎರಡು ರೊಟ್ಟಿ ಹೊತ್ತಿಸಿದೆ."

ಪೂರ್ತಿ ಕೇಳಿಸುವುದೆಂದರೆ ಹೇಗೆ? ಬಂದು ಕೂತು ಕೇಳಿ ಎನ್ನುವಂತಿಲ್ಲ. ಹೆಂಡತಿಯಿಲ್ಲದವನ ಪಡಸಾಲೆಯಲ್ಲಿ ಗಂಡನಿಲ್ಲದವಳು ಅರ್ಧ ತಾಸು ಕುಳಿತರೆ ಆ ಸುದ್ದಿ ಮೊದಲ ಬಸ್ಸಿಗೇ ನಿಡಗುಂದಿ ಮುಟ್ಟುತ್ತದೆ. ಪರಪ್ಪ ಎರಡು ದಿನ ವಿಚಾರ ಮಾಡಿದ. ಗೂಡಿನ ಕೆಳಗೆ, ಹಳೆಯ ನೀರಿನ ಕೊಳವೆ ಹಾಯ್ದಿದ್ದ ತೂತೊಂದಿತ್ತು. ಅದಕ್ಕೆ ಅರಿವೆ ತುರುಕಿದ್ದರು. ಅರಿವೆ ಕಿತ್ತು, ಕರೆಂಟಿನ ಅಂಗಡಿಯಿಂದ ತಂದ ಬಿಳಿ ವಾಯರನ್ನು ಒಳಗೆ ತೂರಿಸಿದ. ಬಲಗಡೆಯ ಪೆಟ್ಟಿಗೆಯನ್ನು ಹಗಲು ಹೊತ್ತಿನಲ್ಲಿ, ಓಣಿಯೆಲ್ಲ ನೋಡುವಂತೆ, ಅವಳ ಹೊಸ್ತಿಲ ಮೇಲಿಟ್ಟು ಬಂದ.

"ಎಳೀಲ್ಯಾ?" ತೂತಿನಾಚೆಯಿಂದ ದನಿ ಬಂತು.

"ಎಳೀರಿ."

"ಹಾವು ಬಂದಂಗ ಬರಾಕತ್ತೈತಿ ನೋಡ್ರಿ ಇದು."

"ಪೆಟ್ಟಿಗಿ ಹಿಂದ ಎರಡು ಚಿಮಟಿ ಅದಾವು. ಒಂದು ಕೆಂಪು, ಒಂದು ಕರಿ. ಕೆಂಪಿಗೆ ಕೆಂಪ ಹಾಕ್ರಿ."

"ವಾಯರ್ ಎರಡೂ ಬಿಳೇವು ಅದಾವಲ್ರಿ!"

ಪರಪ್ಪ ಅಂಗಡಿಯಲ್ಲಿ ಅದನ್ನು ಗಮನಿಸಿರಲಿಲ್ಲ. "ಯಾವುದರ ಒಂದು ಹಾಕ್ರಿ ಹಂಗಾರ" ಎಂದ.

ಆಚೆ ಪೆಟ್ಟಿಗೆ ಹೊರಳಿಸುವ ಸದ್ದು. ಆಮೇಲೆ, "ಹ್ಞಾ, ಬಂತ್ರೀ! ಬಂತು!" ಎಂಬ ಕೂಗು. ಅವತ್ತು ಸಂಜೆ ರೊಟ್ಟಿಯ ಬಡಿತವೂ ಹಾಡೂ ಒಂದೇ ತಾಳಕ್ಕೆ ಬಂದು ಹತ್ತಿಪ್ಪತ್ತು ನಿಮಿಷ ಹಾಗೇ ನಡೆದವು. ಪರಪ್ಪ ಕುರ್ಚಿಯಿಂದ ಏಳಲಿಲ್ಲ.

ಅಲ್ಲಿಂದ ಅದೊಂದು ವಾಡಿಕೆಯಾಯಿತು. ಡ್ಯೂಟಿ ಮುಗಿಸಿ ಬಂದು ಕೈಕಾಲು ತೊಳೆದು ಪರಪ್ಪ ಹಾಡು ಹಚ್ಚುವನು. ಆಚೆಯಿಂದ ಗೋಡೆಗೆ ಒಂದು ಸಲ ಕುಟ್ಟಿದರೆ ಸಣ್ಣ ಮಾಡಬೇಕು, ಯಾರೋ ಬಂದಿದ್ದಾರೆ. ಎರಡು ಸಲ ಕುಟ್ಟಿದರೆ ಅದೇ ಹಾಡು ಮತ್ತೊಮ್ಮೆ ಬೇಕು. ಹಾಡು ಮುಗಿದ ಮೇಲೆ ಅವನ ಕಿಟಕಿಯ ಕಟ್ಟೆಯ ಮೇಲೆ ಬಟ್ಟೆ ಮುಚ್ಚಿದ ಎರಡು ರೊಟ್ಟಿಗಳಿರುತ್ತಿದ್ದವು. ಅವಳು ಅವನನ್ನು ಸಾಹೇಬ್ರ ಎನ್ನುತ್ತಿದ್ದಳು. ಅವನು ಅವಳನ್ನು ಏನೆಂದೂ ಕರೆಯುತ್ತಿರಲಿಲ್ಲ. ಓಣಿಯ ಗಂಡಸರೆಲ್ಲ ಅಕ್ಕಾರ ಎನ್ನುತ್ತಿದ್ದರು. ಅದೊಂದು ಅನುಕೂಲದ ಮಾತು, ಅಂದುಬಿಟ್ಟರೆ ಯಾರೂ ಏನೂ ಅನ್ನುವಂತಿಲ್ಲ. ಪರಪ್ಪನ ಬಾಯಿಗೆ ಮಾತ್ರ ಅದು ಬರಲಿಲ್ಲ. "ಕೇಳ್ರಿ", "ನೋಡ್ರಿ ಇಲ್ಲೆ" ಎಂದೇ ಒಂಬತ್ತು ವರ್ಷ ತಳ್ಳಿದ.

ಸಿಂದಗಿ ಮಾರ್ಗದ ಬಸ್ಸಿನ ಡ್ರೈವರ್ ಅಮೀರ ಒಮ್ಮೆ ಪೆನ್‌ಡ್ರೈವ್ ತಂದುಕೊಟ್ಟ. ಆ ಸೀಮೆಯ ಯಾವುದೋ ಹಳ್ಳಿಯಲ್ಲಿ ನಡೆದ ಹರದೇಶಿ–ನಾಗೇಶಿ ಹಾಡಿಕೆಯನ್ನು ಅವನ ಪರಿಚಯದವರು ಮುದ್ರಿಸಿಕೊಂಡಿದ್ದರು. ಹರದೇಶಿಯವರು ಗಂಡು ಹೆಚ್ಚೆಂದು ಸವಾಲು ಹಾಕುವುದು, ನಾಗೇಶಿಯವರು ಹೆಣ್ಣು ಹೆಚ್ಚೆಂದು ಜವಾಬು ಕೊಡುವುದು. ನಮ್ಮ ಕಡೆ ದಪ್ಪು ಎಂಬ ಚರ್ಮವಾದ್ಯದ ಬಡಿತದೊಂದಿಗೆ ಇದು ತಾಸುಗಟ್ಟಲೆ ನಡೆಯುವ ವಾದ. ಮುದ್ರಿಸಿಕೊಂಡವರು ವೇದಿಕೆಯ ಎರಡು ತುದಿಗೆ ಎರಡು ಮೈಕು ಇಟ್ಟಿದ್ದರು. ಹೀಗಾಗಿ ಹರದೇಶಿಯ ಗಂಡಸು ಎಡಗಡೆಯ ಪೆಟ್ಟಿಗೆಗೆ ಬಂದ. ನಾಗೇಶಿಯ ಹೆಂಗಸು ಬಲಗಡೆಯದಕ್ಕೆ ಹೋದಳು. ಪರಪ್ಪನಿಗೆ ಸವಾಲು ಕೇಳುತ್ತಿತ್ತು, ಜವಾಬಿನ ಜಾಗದಲ್ಲಿ ದೂರದ ಗುಂಗಿಹುಳದಂಥ ಸದ್ದು ಮಾತ್ರ.

ಮರುದಿನ ನಳದ ಹತ್ತಿರ ಶೆಟ್ಟೆವ್ವನೇ ಶುರು ಮಾಡಿದಳು.

"ನಿನ್ನಿ ನನ್ನ ಕಡೆ ಬರೇ ಹೆಣಮಗಳು ಹಾಡಿದ್ಲು. ಅಕಿ ಯಾರ ಸಂಗಾಟ ಜಗಳಾ ತಗದಿದ್ಲ್ರಿ, ಗಾಳಿ ಸಂಗಾಟ?"

"ಗಂಡಸು ನನ್ನ ಕಡೆ ಇದ್ದಾನ್ರಿ."

"ಏನಂದ ಅಂವ?"

"ಬೀಜ ಇಲ್ಲದ ಬೆಳಿ ಎಲ್ಲಿ ಬರತೈತಿ, ಅದಕ್ಕ ಗಂಡು ಹೆಚ್ಚು ಅಂದ."

"ಹಾಂ, ಈಗ ತಿಳೀತು! ಅದಕ್ಕ ನಮ್ಮಾಕಿ ಅಂದ್ಲು: ಬೀಜಾ ಮುಗಿಲಾಗ ಬಿತ್ತೀಯೇನೋ ಮೂಳಾ, ನೆಲಾ ಬೇಕಲ್ಲ!"

ಕೊಡ ಹೊತ್ತು ಹೊರಟಿದ್ದ ಎದುರು ಮನೆಯ ಭಾಗ್ಯಜ್ಯೋತಿ ತಿರುಗಿ ನಿಂತಳು. "ಸಾಹೇಬ್ರ, ಸೋತ್ರಿ ನೀವು. ಮೈಕ್ ಹಿಡದ ಊರಿಗೆಲ್ಲಾ ಹೇಳ್ರಿ ಮತ್ತ."

ಹಾಗೆ ಅವರಿಬ್ಬರೂ ಕೂಡಿ ಆ ಹಾಡಿಕೆಯನ್ನು ನಳದ ಹತ್ತಿರ ಪೂರ್ತಿ ಮಾಡಿದರು. ದಿನ ಬಿಟ್ಟು ದಿನ ನೀರು ಬರುತ್ತಿತ್ತು. ದಿನಕ್ಕೆ ಮೂರು ನಾಲ್ಕು ಸವಾಲು, ಅವಕ್ಕೆ ಅಷ್ಟೇ ಜವಾಬು. ಯಂತ್ರದ ಮೇಲೊಂದು ಗುಂಡಿಯಿತ್ತು. ಅದನ್ನು ತಿರುವಿದರೆ ದನಿ ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಸರಿಯುತ್ತದೆ. ಪೆನ್‌ಡ್ರೈವ್ ತಂದ ಅಮೀರನೇ ಅದನ್ನು ಶೆಟ್ಟೆವ್ವನಿಗೂ ಹೇಳಿಬಿಟ್ಟಿದ್ದ. "ಗುಂಡಿ ತಿರುವಿ ನನ್ನ ಪಾಲಿಂದು ಕದ್ದು ಕೇಳಬ್ಯಾಡ್ರಿ ಮತ್ತ" ಎಂದು ಅವಳು ತಾಕೀತು ಮಾಡಿದಳು. ಪರಪ್ಪ ಮನೆಗೆ ಬಂದವನೇ ಗುಂಡಿಯನ್ನು ನಟ್ಟನಡುವೆ ನಿಲ್ಲಿಸಿ ಅದರ ಮೇಲೆ ಗಾಯಕ್ಕೆ ಹಚ್ಚುವ ಪಟ್ಟಿಯೊಂದನ್ನು ಅಂಟಿಸಿದ.

ಹಾಡಿಕೆಯ ಕೊನೆಯ ಸವಾಲು ಹೀಗಿತ್ತು: ಒಂದ ಮನಿಯಾಗ ಒಲಿ ಎರಡು, ಎರಡಕ್ಕೂ ಬೆಂಕಿ ಐತಿ, ಅಡಿಗಿ ಮಾತ್ರ ಒಂದಾಗವಲ್ದು, ಯಾಕ ಹೇಳ ನಾಗೇಶಿ. ಅದರ ಹಿಂದೆಯೇ ಜನರ ಕೂಗು, ಶಿಳ್ಳೆ, ದಪ್ಪಿನ ಬಡಿತ ಎಲ್ಲ ಒಟ್ಟಿಗೆ ಎದ್ದು ಮುದ್ರಣ ಮುಗಿಯುತ್ತಿತ್ತು. ಆ ಗದ್ದಲದ ಕೆಳಗೆ ಜವಾಬು ಇರಬೇಕೆಂದು ಪರಪ್ಪ ತಿಳಿದ.

"ಇದಕ್ಕ ಏನಂದ್ಲ್ರಿ?" ಎಂದು ಕೇಳಿದ.

ಶೆಟ್ಟೆವ್ವ ತುಂಬಿದ ಕೊಡವನ್ನು ಸರಿಸಿ ಖಾಲಿ ಕೊಡ ಹಚ್ಚಿದಳು. ಅವನ ಮುಖ ನೋಡಲಿಲ್ಲ. "ಅಂದಾಳ. ಭಾಳ ಛಲೋ ಅಂದಾಳ. ಅದನ್ನ ಮಾತ್ರ ಹೇಳಂಗಿಲ್ಲ" ಎಂದಳು.

ಅದನ್ನು ಅವನು ಒಂಬತ್ತು ವರ್ಷ ಕೇಳಿದ. ತಿಂಗಳಿಗೊಮ್ಮೆಯಾದರೂ ಆ ಹಾಡಿಕೆ ಹಚ್ಚುವನು, ಮರುದಿನ ಕೇಳುವನು. "ಹೊತ್ತ ಬರಲಿ" ಎನ್ನುವಳು. "ರೊಟ್ಟಿ ಹೊತ್ತತಾವ, ಆಮ್ಯಾಲೆ" ಎನ್ನುವಳು. "ಇಷ್ಟ ವರ್ಷ ಆತು, ನಿಮಗ ಇನ್ನೂ ತಿಳೀಲಿಲ್ಲೇನ್ರಿ?" ಎಂದು ಒಮ್ಮೆ ಕೇಳಿ ತಾನೇ ಮಾತು ಹಾರಿಸಿದಳು. ಗುಂಡಿಯ ಮೇಲಿನ ಪಟ್ಟಿ ಹಳದಿಯಾಯಿತು, ಅಂಚು ಎದ್ದಿತು. ಪರಪ್ಪ ಹೊಸದು ಅಂಟಿಸಿದ.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಗೋಡೆಯಾಚೆ ರೊಟ್ಟಿಯ ಸದ್ದು ಬರಲಿಲ್ಲ. ಮರುದಿನ ನಳದ ಹತ್ತಿರ ಶೆಟ್ಟೆವ್ವ ನಗಲಿಲ್ಲ.

"ಮೋರಟಗ್ಯಾಗ ನಮ್ಮಕ್ಕ ಬಿದ್ದಾಳ್ರಿ. ಟೊಂಕದ ಎಲುಬು ಮುರದೈತಿ. ಅಕಿಗೆ ನನ್ನ ಬಿಟ್ರ ಯಾರೂ ಇಲ್ಲ."

"ಎಷ್ಟ ದಿವಸಕ್ಕ ಹೊಂಟ್ರಿ?"

"ದಿವಸ ಎಲ್ಲಿ ಬಂತ್ರಿ. ಮನಿ ಬಿಡಾಕತ್ತೇನಿ. ಬರೂ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರ ಹೋಗ್ತೇನಿ."

ಆ ಸೋಮವಾರಕ್ಕೆ ಒಂಬತ್ತು ದಿನ ಇದ್ದವು. ಹೋಗಬೇಡಿ ಎನ್ನಲು ತನಗೆ ಯಾವ ಹಕ್ಕೂ ಇಲ್ಲವೆಂಬುದು ಪರಪ್ಪನಿಗೆ ಗೊತ್ತಿತ್ತು. ಆದರೆ ಹೇಳಬಹುದಾದ ಒಂದು ಮಾತು ಅವನಿಗೆ ಎರಡನೆಯ ದಿನವೇ ಹೊಳೆಯಿತು: "ಅಕ್ಕನ್ನ ಇಲ್ಲೇ ಕರಕೊಂಡ ಬರ್ರಿ. ಇಬ್ಬರೂ ಕೂಡಿ ನೋಡ್ಕೊಳ್ಳೂಣು." ಅಷ್ಟೇ ಮಾತು. ಸರ್ಕಾರಿ ಆಸ್ಪತ್ರೆ ಹತ್ತಿರ, ಅವನ ಪಡಸಾಲೆಯಲ್ಲಿ ಮಂಚಕ್ಕೆ ಜಾಗವೂ ಇತ್ತು. ಅದನ್ನು ಅವನು ಕಂಟ್ರೋಲರ್ ಕೋಣೆಯಲ್ಲಿ, ಮೈಕಿನ ಗುಂಡಿ ಆರಿದೆಯೇ ಎಂದು ಎರಡು ಸಲ ನೋಡಿಕೊಂಡು, ಮೆಲ್ಲಗೆ ಹೇಳಿ ಅಭ್ಯಾಸ ಮಾಡಿದ. "ಇಬ್ಬರೂ ಕೂಡಿ" ಎಂಬಲ್ಲಿ ದನಿ ಪ್ರತಿ ಸಲವೂ ಬಸ್ಸಿನ ವೇಳೆ ಹೇಳುವ ದನಿಯಾಗಿಬಿಡುತ್ತಿತ್ತು.

ನಾಲ್ಕು ಸಲ ನಳದಲ್ಲಿ ನೀರು ಬಂತು. ಮೊದಲ ಸಲ ಹೆಂಗಸರು ಬಹಳವಿದ್ದರು. ಎರಡನೆಯ ಸಲ ಅವಳು ಖಾನಾವಳಿಗೆ ಹೋಗಿದ್ದಳು. ಮೂರನೆಯ ಸಲ ಇಬ್ಬರೇ ಇದ್ದರು. ಪರಪ್ಪ, "ಮೋರಟಗಿ ಬಸ್ಸಿನ್ಯಾಗ ಮುಂದ ಕುಂದರ್ರಿ, ಹಿಂದ ಭಾಳ ಎತ್ತಿ ಹಾಕತೈತಿ" ಎಂದ. ನಾಲ್ಕನೆಯ ಸಲ ಅವಳು ಭಾಗ್ಯಜ್ಯೋತಿಗೆ ತನ್ನ ರೊಟ್ಟಿ ಬೇಯಿಸುವ ಹಂಚು ಕೊಡುತ್ತಿದ್ದಳು. ಕೊಟ್ಟ ಹಂಚನ್ನು ನೋಡಿದ ಮೇಲೆ ಪರಪ್ಪ ತನ್ನ ಕೊಡ ಎತ್ತಿಕೊಂಡು ಮನೆಗೆ ಬಂದ.

ಕೊನೆಯ ಸಂಜೆ ಅವನು ಹಾಡು ಹಚ್ಚಿದ. ಆಚೆಯಿಂದ ಎರಡು ಸಲ ಕುಟ್ಟಿದ ಸದ್ದು ಬಂತು. ಅದೇ ಹಾಡನ್ನು ಮತ್ತೆ ಹಚ್ಚಿದ. ಮತ್ತೆ ಎರಡು ಸಲ. ಆರು ಸಲ ಒಂದೇ ಹಾಡು ನಡೆಯಿತು. ಆಮೇಲೆ ಕುಟ್ಟಲಿಲ್ಲ.

ಸೋಮವಾರ ಬೆಳಗ್ಗೆ ಅವಳು ಪೆಟ್ಟಿಗೆಯನ್ನು ಒರೆಸಿ, ವಾಯರನ್ನು ಸುತ್ತಿ, ಅವನ ಹೊಸ್ತಿಲಿಗೆ ತಂದಳು.

"ತಗೋರ್ರಿ ನಿಮ್ಮ ಒಡವಿ. ಜೋಡಿ ಅಗಲಿಸಿದ ಪಾಪ ನನಗ್ಯಾಕ."

"ಇರಲಿ, ತಗೊಂಡ ಹೋಗ್ರಿ."

"ನಿಮ್ಮ ಮಶಿನ್ ಇಲ್ಲಿ, ಪೆಟ್ಟಿಗಿ ಅಲ್ಲಿ. ಬಾಯಿಲ್ಲದ್ದ ತಗೊಂಡ ನಾ ಏನ ಮಾಡ್ಲಿ?" ಅವಳು ನಗಲು ನೋಡಿದಳು. "ಇನ್ನ ಮ್ಯಾಲೆ ಪೂರಾ ಕೇಳ್ರಿ, ಸಾಹೇಬ್ರ."

"ಜವಾಬು?" ಎಂದ ಪರಪ್ಪ.

ಅವಳು ಒಂದು ಗಳಿಗೆ ಅವನನ್ನೇ ನೋಡಿದಳು. "ಹೇಳಂಗಿಲ್ಲ" ಎಂದು ತಿರುಗಿದಳು.

ಅವಳ ಬಸ್ಸಿದ್ದದ್ದು ಒಂಬತ್ತೂ ಹತ್ತಕ್ಕೆ. ಗಾಜಿನ ಕಿಂಡಿಯಿಂದ ಪರಪ್ಪನಿಗೆ ಕಂಡಿತು: ಎರಡು ಗಂಟು, ಒಂದು ಟ್ರಂಕು, ಅಮೀರ ಅವನ್ನು ಮೇಲೆ ಹಾಕಿಸುತ್ತಿದ್ದಾನೆ, ಶೆಟ್ಟೆವ್ವ ಮುಂದಿನ ಕಿಟಕಿಯಲ್ಲಿ ಕುಳಿತಿದ್ದಾಳೆ. ಮೈಕಿನ ಗುಂಡಿ ಒತ್ತಿದ. "ಪ್ರಯಾಣಿಕರ ಗಮನಕ್ಕೆ. ಹೂವಿನ ಹಿಪ್ಪರಗಿ, ದೇವರ ಹಿಪ್ಪರಗಿ, ಸಿಂದಗಿ ಮಾರ್ಗವಾಗಿ ಮೋರಟಗಿಗೆ ಹೋಗುವ ಬಸ್ಸು ಎರಡನೆಯ ಅಂಕಣದಲ್ಲಿ ನಿಂತಿದೆ." ಎರಡು ಸಲ ಹೇಳುವುದು ರೂಢಿ. ಹೇಳಿದ. ಇನ್ನು ಗುಂಡಿಯಿಂದ ಬೆರಳು ತೆಗೆಯಬೇಕಿತ್ತು; ತೆಗೆಯಲಿಲ್ಲ. ಮೂರನೆಯ ಸಲವೂ ಅದನ್ನೇ ಹೇಳಿದ, ತುಸು ನಿಧಾನವಾಗಿ.

ಕಿಟಕಿಯಲ್ಲಿ ಶೆಟ್ಟೆವ್ವ ತಲೆ ಎತ್ತಿದಳು. ಅವಳು ಅವನ ಕೋಣೆಯ ಕಡೆ ನೋಡಲಿಲ್ಲ. ದನಿ ಬರುತ್ತಿದ್ದ ಕಡೆ, ಕಂಬದ ಮೇಲಿನ ಭೋಂಗಾದ ಕಡೆ ನೋಡುತ್ತಿದ್ದಳು. ಬಸ್ಸು ತಿರುಗುವವರೆಗೂ ಹಾಗೇ ನೋಡಿದಳು.

ಮೂರು ದಿನ ಪರಪ್ಪ ಪೆಟ್ಟಿಗೆಯನ್ನು ಮುಟ್ಟಲಿಲ್ಲ. ನಾಲ್ಕನೆಯ ದಿನ ಸಂಜೆ ಐದಾಯಿತು, ಐದೂವರೆಯಾಯಿತು. ಗೋಡೆಯಾಚೆ ಗೋಡೆಯಷ್ಟೇ ಇತ್ತು. ಎದ್ದು ರುಕ್ಮವ್ವನ ಹೊಲಿಗೆ ಯಂತ್ರವನ್ನು ಒಳಗೆ ಸರಿಸಿದ, ಜೋಳದ ಡಬ್ಬಿಯನ್ನು ಅಡುಗೆಮನೆಗೆ ಉರುಳಿಸಿದ. ಪುಸ್ತಿಕೆ ತೆಗೆದು ಚಿತ್ರ ನೋಡಿ, ಎರಡು ಪೆಟ್ಟಿಗೆಗಳನ್ನು ಸ್ಟೂಲುಗಳ ಮೇಲೆ ಆರು ಅಡಿ ದೂರಕ್ಕಿಟ್ಟು, ಎದುರಿಗೆ ಕುರ್ಚಿ ಹಾಕಿ ಕುಳಿತ. ಇಷ್ಟು ವರ್ಷದ ಮೇಲೆ ಎಲ್ಲವೂ ಚಿತ್ರದಲ್ಲಿದ್ದಂತೆಯೇ ಇತ್ತು.

ಮೊದಲು ಎಂದಿನ ಹಾಡನ್ನೇ ಹಚ್ಚಿದ. ಏನೋ ಸರಿಯಿರಲಿಲ್ಲ. ಹಾಡುವವನು ಎಲ್ಲಿ ನಿಂತಿದ್ದಾನೆಂದೇ ತಿಳಿಯುತ್ತಿರಲಿಲ್ಲ. ದನಿ ತೆಳ್ಳಗಾಗಿ ಕೋಣೆಯಲ್ಲೆಲ್ಲ ಚದುರಿ ಅಲೆಯುತ್ತಿತ್ತು. ಪುಸ್ತಿಕೆಯ ಕೊನೆಯ ಪುಟ ಓದಿದ. ಬಲಗಡೆಯ ಪೆಟ್ಟಿಗೆಯನ್ನು ತಿರುಗಿಸಿ, ಎರಡು ಬಿಳಿ ತಂತಿಗಳನ್ನೂ ಯಂತ್ರದವರೆಗೆ ಬೆರಳಲ್ಲಿ ಹಿಡಿದು ನೋಡಿದಾಗ ಕಾರಣ ಸಿಕ್ಕಿತು: ಕೆಂಪಿಗೆ ಬರಬೇಕಾದ ತಂತಿ ಕರಿಗೆ ಹೋಗಿತ್ತು. ಪೆಟ್ಟಿಗೆಗಳು ಬೇರೆ ಬೇರೆ ಮನೆಯಲ್ಲಿದ್ದಾಗ ಆ ತಪ್ಪು ಯಾರಿಗೂ ಗೊತ್ತಾಗುವಂತಿರಲಿಲ್ಲ. ಕೂಡಿಸಿದಾಗಲೇ ಅದು ಬಯಲಾಗುವಂಥದ್ದು. ಚಿಮಟಿಗಳ ಸಂದಿಯಲ್ಲಿ ಜೋಳದ ಹಿಟ್ಟು ಗಟ್ಟಿಯಾಗಿ ಕೂತಿತ್ತು. ಅದನ್ನು ಒರೆಸದೆ ತಂತಿಗಳನ್ನಷ್ಟೇ ಅದಲುಬದಲು ಮಾಡಿದ. ಹಾಡುವವನು ಬಂದು ಎರಡು ಪೆಟ್ಟಿಗೆಗಳ ನಟ್ಟನಡುವೆ, ಏನೂ ಇಲ್ಲದ ಜಾಗದಲ್ಲಿ, ನಿಂತ.

ಆಮೇಲೆ ಹಾಡಿಕೆ ಹಚ್ಚಿದ. ಕದ್ದು ಕೇಳಿದಂತಾಗುತ್ತದೆಯೇ ಎಂದು ಒಂದು ಗಳಿಗೆ ಅಳುಕಿದ. ಗುಂಡಿಯನ್ನಂತೂ ಮುಟ್ಟಿರಲಿಲ್ಲ, ಪಟ್ಟಿ ಹಾಗೇ ಇತ್ತು. ಬೀಜದ ಸವಾಲು ಬಂತು, ಬಲಗಡೆಯಿಂದ ನೆಲದ ಜವಾಬು ಬಂತು. ಆ ಹೆಂಗಸು ಶೆಟ್ಟೆವ್ವ ಹೇಳಿದ್ದ ಮಾತನ್ನೇ ಹೇಳಿದಳು, ಮೂಳಾ ಎಂಬುದೊಂದನ್ನು ಬಿಟ್ಟು. ಅದು ಶೆಟ್ಟೆವ್ವನ ಸ್ವಂತದ್ದು. ಒಂದೊಂದೇ ಸವಾಲು, ಒಂದೊಂದೇ ಜವಾಬು. ನಳದ ಹತ್ತಿರ ಕೇಳಿದ್ದೆಲ್ಲ ಮತ್ತೆ ಬಂತು. ಪರಪ್ಪ ಕುರ್ಚಿಯ ಅಂಚಿಗೆ ಸರಿದ.

ಒಂದ ಮನಿಯಾಗ ಒಲಿ ಎರಡು.

ಎಡಗಡೆಯಿಂದ ಗದ್ದಲ ಎದ್ದಿತು. ಬಲಗಡೆಯಿಂದಲೂ ಅದೇ ಗದ್ದಲ ಎದ್ದಿತು. ಕೂಗು, ಶಿಳ್ಳೆ, ದಪ್ಪು. ಮುಗಿಯಿತು.

ಪೆಟ್ಟಿಗೆ ಕೆಟ್ಟಿತೆಂದುಕೊಂಡು ತಂತಿ ಒತ್ತಿ ನೋಡಿದ. ಹಿಂದಿನ ಜವಾಬು ಹಚ್ಚಿದ, ಸ್ಪಷ್ಟವಾಗಿ ಕೇಳಿತು. ಕೊನೆಯದನ್ನು ಮತ್ತೆ ಹಚ್ಚಿದ. ಬಲಗಡೆಯ ಪೆಟ್ಟಿಗೆಗೆ ಕಿವಿ ಆನಿಸಿ, ಅದರ ಜಾಲರಿಯ ಹಿಟ್ಟಿನ ವಾಸನೆ ಮೂಗಿಗೆ ಬರುವಷ್ಟು ಹತ್ತಿರ ಕೂತು ಕೇಳಿದ. ಹೆಂಗಸು ಒಮ್ಮೆ ಕೆಮ್ಮುತ್ತಾಳೆ, ಏನೂ ಹೇಳುವುದಿಲ್ಲ. ಅವಳು ಹೇಳುವ ಮೊದಲೇ ಮುದ್ರಿಸುವವರು ನಿಲ್ಲಿಸಿಬಿಟ್ಟಿದ್ದರು.

ಜವಾಬು ಎಂದೂ ಇರಲಿಲ್ಲ. ಶೆಟ್ಟೆವ್ವ ಒಂಬತ್ತು ವರ್ಷ ಇಲ್ಲದ ಜವಾಬನ್ನು ಬಚ್ಚಿಟ್ಟುಕೊಂಡಿದ್ದಳು.

ಪರಪ್ಪ ಯಂತ್ರ ಆರಿಸಿದ. ಮೊದಲು ಮೋಸಹೋದೆನೆಂದು ನಗು ಬಂತು. ಆಮೇಲೆ, ಜವಾಬು ಇಲ್ಲವೆಂದು ಅವಳು ಮೊದಲ ದಿನವೇ ಹೇಳಿದ್ದರೆ ಏನಾಗುತ್ತಿತ್ತೆಂದು ಯೋಚಿಸಿದ. ಹಾಡಿಕೆ ಮುಗಿಯುತ್ತಿತ್ತು. ನಳದ ಹತ್ತಿರ ಅವನು ಕೇಳುವುದೇನೂ ಉಳಿಯುತ್ತಿರಲಿಲ್ಲ.

ಫೋನಿನಲ್ಲಿ ಅವಳ ನಂಬರು ಇತ್ತು. ಒಂದೆರಡು ಸಲ ತೆಗೆದು ನೋಡಿ ಒಳಗಿಟ್ಟ. ಮರುದಿನ ಅಮೀರ ಸಹಿ ಮಾಡಲು ಕಿಂಡಿಗೆ ಬಂದಾಗ, ಪುಸ್ತಕ ಮುಂದೆ ತಳ್ಳುತ್ತ ಕೇಳಿದ:

"ಮೋರಟಗ್ಯಾಗ ಶೆಟ್ಟೆವ್ವನ ಮನಿ ಗೊತ್ತೈತೇನು?"

"ಸ್ಟ್ಯಾಂಡಿನ ಮಗ್ಗಲಕ್ಕ ಐತ್ರಿ. ಯಾಕ್ರಿ ಸಾಹೇಬ್ರ?"

"ಏನಿಲ್ಲ. ಆ ಕೊನೀ ಸವಾಲಿಗೆ ಜವಾಬ ಏನಂತ ಸಾಹೇಬ್ರು ಕೇಳ್ಯಾರ ಅಂತ ಹೇಳ."

"ಯಾವ ಸವಾಲ್ರಿ?"

"ಅಕಿಗೆ ಗೊತ್ತೈತಿ."

ಅಮೀರ ಪೆನ್ನು ಹಿಡಿದು ಅವನನ್ನೇ ನೋಡಿದ. "ನನ್ನ ಬಸ್ಸಿನ್ಯಾಗ ಕ್ವಾಳಿ ಹೋಗ್ಯಾವು, ಆಡ ಹೋಗ್ಯಾವು. ಸವಾಲು ಹೋಗಿದ್ದು ಇವತ್ತ ನೋಡ್ರಿ" ಎಂದು ಸಹಿ ಹಾಕಿ ಹೋದ.

ಸಂಜೆ ಅವನ ಬಸ್ಸು ತಿರುಗಿ ಬರುವ ಹೊತ್ತಿಗೆ ಪರಪ್ಪನ ಪಾಳಿ ಮುಗಿದಿತ್ತು. ಆದರೂ ಕೋಣೆ ಬಿಟ್ಟಿರಲಿಲ್ಲ. ಅಮೀರ ಕಿಂಡಿಗೆ ಬಾಗಿದ.

"ಅಕ್ಕಗ ಗಂಜಿ ಕುಡಸಾಕತ್ತಿದ್ಲ್ರಿ. ನೀವು ಹೇಳಿದ್ದು ಹೇಳಿದೆ. ಬಟ್ಟಲಾ ಕೆಳಗಿಟ್ಲು. ಆಮ್ಯಾಲೆ, 'ಪೆಟ್ಟಿಗಿ ಕೊಟ್ಟ ಬಂದೇನಲ್ಲ, ಇನ್ನೂ ಕೇಳಾಕತ್ತಾರೇನು?' ಅಂದ್ಲು. ಹ್ಞೂ ಅಂದೆ."

"ಮತ್ತ?"

"ಸೆರಗಿನ್ಯಾಗ ಮಾರಿ ಒರಸ್ಕೊಂಡು ನಕ್ಕಳ್ರಿ. 'ಹೇಳಂಗಿಲ್ಲ ಅಂತ ಹೇಳ' ಅಂದ್ಲು. ಅಷ್ಟ."

ಪರಪ್ಪ ತಲೆಯಾಡಿಸಿದ. ಮನೆಗೆ ಹೋಗಿ ಬಲಗಡೆಯ ಪೆಟ್ಟಿಗೆಯ ತಂತಿ ಬಿಚ್ಚಿ, ಅದನ್ನು ಯಂತ್ರ ಬಂದಿದ್ದ ಹಳೆಯ ಡಬ್ಬಿಯಲ್ಲಿಟ್ಟ. ಅದರ ಪಕ್ಕದಲ್ಲಿ ಯಂತ್ರಕ್ಕೂ ಎಡಗಡೆಯ ಪೆಟ್ಟಿಗೆಗೂ ಜಾಗ ಬಿಟ್ಟ. ಮೋರಟಗಿಯ ಮನೆಯಲ್ಲಿ ಅವನ್ನು ಎಲ್ಲಿಡಬಹುದೋ ಅವನಿಗೆ ಗೊತ್ತಿರಲಿಲ್ಲ. ಇಟ್ಟು ಬರುವುದೋ, ಅಕ್ಕನನ್ನೂ ಕರೆದುಕೊಂಡು ಬನ್ನಿ ಎಂದು ಹೇಳಿ ಎಲ್ಲವನ್ನೂ ತಿರುಗಿ ತರುವುದೋ, ಅದೂ ಗೊತ್ತಿರಲಿಲ್ಲ. ಹೇಳಬೇಕಾದ ಮಾತನ್ನು ಖಾಲಿ ಗೋಡೆಗೆ ಎದುರಾಗಿ ನಿಂತು ಒಮ್ಮೆ ಹೇಳಿ ನೋಡಿದ. "ಇಬ್ಬರೂ ಕೂಡಿ" ಎಂಬಲ್ಲಿ ದನಿ ಈಗಲೂ ಸ್ವಲ್ಪ ಬಸ್ಸಿನ ದನಿಯಂತೆಯೇ ಬಂತು.

ಗುರುವಾರ ಅವನಿಗೆ ವಾರದ ರಜೆ. ಮೋರಟಗಿಯ ಬಸ್ಸು ಒಂಬತ್ತೂ ಹತ್ತಕ್ಕೆ, ಎರಡನೆಯ ಅಂಕಣದಿಂದ. ಅವತ್ತು ಅದನ್ನು ಕೂಗುವವರು ಬೇರೆ ಯಾರೋ.